ಬಸವಕ್ಕನ ರಂಗೋಲಿ ಪುಡಿ

ಆಂಧ್ರದ ಗಡಿಯಂಚಿನ ಹೊಳಗುಂದದಲ್ಲಿ ಬಸವಕ್ಕನ ರಂಗೋಲಿ ಪುಡಿಗೆ ಒಂದು ಕಾಲಕ್ಕೆ ಬಲು ಹೆಸರಿತ್ತು. ಸಂತೆಯ ಪುಡಿ ಉಂಡೆಯುಂಡೆಯಾಗಿ ಬೀಳುತ್ತದೆ, ಅಂಗೈ ಬೆವರಿದರೆ ಬೆರಳಿಗೇ ಮೆತ್ತಿಕೊಂಡು ಕೂರುತ್ತದೆ. ಬಸವಕ್ಕನ ಪುಡಿ ಹಾಗಲ್ಲ. ಎರಡು ಬೆರಳ ನಡುವೆ ಹಿಡಿದು ಬಿಟ್ಟರೆ ಸಣ್ಣ ಎಳೆ ತಾನೇ ಇಳಿಯುತ್ತಿತ್ತು, ಬಿಸಿಲು ಬಿದ್ದರೆ ಹೊಳೆಯುತ್ತಿತ್ತು. ಹಬ್ಬ ನಾಲ್ಕು ದಿನ ಇರುವಾಗಲೇ ಓಣಿಯ ಹೆಂಗಸರು ಡಬ್ಬಿ ಹಿಡಿದು ಬರುತ್ತಿದ್ದರು. ಒಬ್ಬಳು ಒಂದು ಸೇರು ಜೋಳ ಕೊಟ್ಟರೆ ಇನ್ನೊಬ್ಬಳು ಮಡಿಲಲ್ಲಿ ಶೇಂಗಾ ತರುತ್ತಿದ್ದಳು. "ಏನು ಹಾಕ್ತೀಯಬೇ ಇದಕ್ಕ?" ಎಂದು ಕೇಳಿದರೆ ಬಸವಕ್ಕ "ಕೈಗುಣ" ಎಂದು ಬೀಗುತ್ತಿದ್ದಳು. ಕೈಗುಣವೂ ಇಲ್ಲ, ಮಣ್ಣೂ ಇಲ್ಲ. ಅದು ಮಿಲ್ಲಿನ ಕಸ.

ಬಸವಕ್ಕ ಹುಟ್ಟಿದ್ದು ಚಿಪ್ಪಗಿರಿಯಲ್ಲಿ, ಕೊಟ್ಟದ್ದು ಹೊಳಗುಂದಕ್ಕೆ. ಗಂಡ ಯರ್ರೆಪ್ಪ ಕುರಿ ಕಾಯುವವನು. ವರ್ಷದಲ್ಲಿ ಏಳೆಂಟು ತಿಂಗಳು ಹಿಂಡಿನ ಹಿಂದೆ ಊರೂರು ತಿರುಗಿ ಬರುವ ಆ ಮನುಷ್ಯನಿಗೆ ಹೆಂಡತಿಗಿಂತ ಟಗರುಗಳ ಜೊತೆಗೇ ಮಾತು ಹೆಚ್ಚು. ಇಬ್ಬರಿಗೂ ಸೇರಿ ಒಬ್ಬಳೇ ಮಗಳು, ರಾಣಿ. ಮಗಳಿಗೆ ಎಂಟು ವರ್ಷವಾದಾಗ ಬಸವಕ್ಕ ಆದೋನಿ ರಸ್ತೆಯಲ್ಲಿದ್ದ ಬೆಣಚುಕಲ್ಲಿನ ಮಿಲ್ಲಿಗೆ ಕಸ ಹೊಡೆಯುವ ಕೆಲಸಕ್ಕೆ ಸೇರಿದಳು. ಬೆಳ್ಳನೆಯ ಗಟ್ಟಿ ಕಲ್ಲನ್ನು ಹಿಟ್ಟಿನ ಹಾಗೆ ಬೀಸಿ, ಚೀಲ ತುಂಬಿ, ಗಾಜಿನ ಕಾರ್ಖಾನೆಗಳಿಗೆ ಲಾರಿಯಲ್ಲಿ ಕಳಿಸುವ ಮಿಲ್ಲು ಅದು. ಬೀಸುವ ಮಿಷನ್ನಿನ ಸುತ್ತ ದಿನವೂ ಬುಟ್ಟಿಗಟ್ಟಲೆ ಪುಡಿ ಬೀಳುತ್ತಿತ್ತು. ಒಂದು ದಿನ ಮೇಸ್ತ್ರಿ ಹಾಲಸ್ವಾಮಿ, "ಒಯ್ಕೊಂಡು ಹೋಗಬೇ, ಹೆಂಗಿದ್ರೂ ತಿಪ್ಪಿಗೆ ಹಾಕೋದೈತಿ," ಎಂದ. ಅವನ ಮಟ್ಟಿಗೆ ಅದು ಉಪಕಾರವೇ.

ಮಿಲ್ಲಿಗೆ ಹೋದವರ ಎದೆ ಕೆಡುತ್ತದೆ ಎನ್ನುವುದು ಬಸವಕ್ಕನಿಗೆ ಗೊತ್ತಿರಲಿಲ್ಲ ಎಂದು ಯಾರೂ ತಿಳಿಯಬಾರದು. ಚೆನ್ನಾಗಿ ಗೊತ್ತಿತ್ತು. ಬೀಸುವ ಕಡೆ ನಿಂತ ಗಂಡಸರು ನಲವತ್ತಕ್ಕೆ ಮುದುಕರಾಗಿ, ನಾಲ್ಕು ಹೆಜ್ಜೆಗೆ ಒಮ್ಮೆ ಗೋಡೆ ಹಿಡಿಯುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ಅದಕ್ಕೇ ಅವಳು ಒದ್ದೆ ಟವೆಲ್ಲು ಮೂಗಿಗೆ ಬಿಗಿದುಕೊಂಡು, ಗಾಳಿ ಬಂದ ಕಡೆ ಬೆನ್ನು ಮಾಡಿ ಗುಡಿಸುತ್ತಿದ್ದಳು. ಅದಕ್ಕೇ ಮಗಳನ್ನು ಮಿಲ್ಲಿನ ಗೇಟಿನ ಹತ್ತಿರವೂ ಬಿಡುತ್ತಿರಲಿಲ್ಲ. ಓಣಿಯ ಎಷ್ಟೋ ಹುಡುಗಿಯರು ರಜೆಯಲ್ಲಿ ಚೀಲ ಹೊಲಿಯಲು ಅಲ್ಲಿಗೆ ಹೋಗುತ್ತಿದ್ದರು. "ನನ್ನ ಮಗಳು ಮನಿಯಾಗ ಇರ್ತಾಳ," ಎಂದು ಬಸವಕ್ಕ ಎದೆ ತಟ್ಟಿ ಹೇಳುತ್ತಿದ್ದಳು.

ಮನೆಯಲ್ಲಿ ರಾಣಿ ಪುಡಿ ಸೋಸುತ್ತಿದ್ದಳು.

ಆ ಊರಿನ ಯಾವ ಹೆಂಗಸಾದರೂ ಮಾಡುವ ತಪ್ಪೇ ಇದು. ಮಿಲ್ಲಿನಲ್ಲಿ ಇದ್ದಾಗ ಅದು ಧೂಳು, ಕೆಟ್ಟದ್ದು, ಟವೆಲ್ಲು ಕಟ್ಟಿಕೊಳ್ಳಬೇಕಾದದ್ದು. ಮನೆಗೆ ಬಂದು ಡಬ್ಬಿ ಸೇರಿದರೆ ರಂಗೋಲಿ. ಅದನ್ನು ಕಾಲಲ್ಲಿ ತುಳಿಯಬಾರದು, ಮುಟ್ಟಿದ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳಬೇಕು. ಮೂಗಿಗೆ ಬಟ್ಟೆ ಕಟ್ಟಿಕೊಂಡು ರಂಗೋಲಿ ಪುಡಿ ಮುಟ್ಟುವ ಹೆಂಗಸನ್ನು ನಾವು ಯಾರಾದರೂ ಕಂಡಿದ್ದೇವೆಯೇ? ಮನೆಯ ಹಿಂದಿನ ಸಣ್ಣ ಕೋಣೆಗೆ ಕಿಟಕಿ ಇರಲಿಲ್ಲ. ಹಳೆಯ ನೂಲಿನ ಸೀರೆಯನ್ನು ಮಡಚಿ ಕೊಳಗದ ಬಾಯಿಗೆ ಬಿಗಿದು, ಮೇಲೆ ಪುಡಿ ಸುರಿದು, ಅಂಗೈಯಿಂದ ಆಡಿಸಬೇಕು. ಬಾಗಿಲು ತೆರೆದಿಟ್ಟರೆ ಹೊಳಗುಂದದ ಗಾಳಿ ನುಣ್ಣನೆಯ ಪುಡಿಯನ್ನೆಲ್ಲ ಹೊತ್ತುಕೊಂಡು ಹೋಗುತ್ತದೆ. ಆದ್ದರಿಂದ ಬಾಗಿಲು ಮುಚ್ಚಿ, ಸಂದಿಗೆ ಗೋಣಿತಟ್ಟು ತುರುಕಿ ಸೋಸುವುದನ್ನು ಮಗಳಿಗೆ ಕಲಿಸಿದವಳು ಬಸವಕ್ಕನೇ. ಹತ್ತನೇ ವಯಸ್ಸಿನಿಂದ ಮದುವೆಯಾಗುವವರೆಗೆ, ಶಾಲೆಯಿಂದ ಬಂದು ಒಂದು ತಾಸು, ಹಬ್ಬದ ಮುಂದೆ ಮೂರು ತಾಸು. ರಾಣಿಗೂ ಅದು ಇಷ್ಟದ ಕೆಲಸ. ಹುಬ್ಬು, ರೆಪ್ಪೆ, ಕೂದಲು ಎಲ್ಲ ಬೆಳ್ಳಗೆ ಮಾಡಿಕೊಂಡು ಹೊರಗೆ ಬಂದು, ಬೆನ್ನು ಬಗ್ಗಿಸಿ, "ಯವ್ವಾ, ನಾ ನಿನಗಿಂತ ಮುದುಕಿ ಆದೆ ನೋಡು," ಎಂದು ಕುಂಟುತ್ತ ಅಂಗಳ ಸುತ್ತುತ್ತಿದ್ದಳು. ತಾಯಿ ಮಗಳು ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು.

ಹತ್ತೊಂಬತ್ತಕ್ಕೆ ಅವಳನ್ನು ಕೋಸಗಿಯ ಚಂದ್ರನಿಗೆ ಕೊಟ್ಟರು. ಮರುವರ್ಷ ಹೆಣ್ಣುಕೂಸು, ಹುಲಿಗೆಮ್ಮ. ಕೂಸಿಗೆ ವರ್ಷ ತುಂಬುವಷ್ಟರಲ್ಲಿ ರಾಣಿಗೆ ಕೆಮ್ಮು ಹತ್ತಿತು. ಬಿಂದಿಗೆ ನೀರು ತಂದರೆ ಏದುಸಿರು. ಎದೆಯ ಫೋಟೊ ತೆಗೆದವರು ಟಿಬಿ ಎಂದರು. ಕಫ ಮೂರು ಸಲ ಪರೀಕ್ಷೆಗೆ ಹೋಯಿತು, ಮೂರು ಸಲವೂ ಏನೂ ಇಲ್ಲ ಎಂದು ಬಂತು. ಆದರೂ ಮಾತ್ರೆ ಟಿಬಿಯದೇ. ನಮ್ಮ ಕಡೆ ಬಡವರು ಕೆಮ್ಮಿದರೆ ಅದಕ್ಕೆ ಬೇರೆ ಹೆಸರು ಹುಡುಕುವ ಪುರಸೊತ್ತು ಯಾರಿಗಿದೆ? ಆರು ತಿಂಗಳು ನೋಡಿ ಅತ್ತೆ ಶೇಷಮ್ಮ ಸೊಸೆಯನ್ನು ತವರಿಗೆ ಕಳಿಸಿದಳು, ಕೂಸನ್ನು ತನ್ನಲ್ಲೇ ಇಟ್ಟುಕೊಂಡಳು. ಇನ್ನು ನಾಲ್ಕು ತಿಂಗಳಿಗೆ ರಾಣಿ ತೀರಿಹೋದಳು. ಆಗ ಅವಳಿಗೆ ಇಪ್ಪತ್ತೆರಡು.

ಮಗಳನ್ನು ಕೊಂದವರು ಯಾರೆಂಬುದರಲ್ಲಿ ಬಸವಕ್ಕನಿಗೆ ಅನುಮಾನವೇ ಇರಲಿಲ್ಲ. ತನ್ನ ಮನೆಯಲ್ಲಿ ಕಲ್ಲಿನ ಹಾಗಿದ್ದ ಹುಡುಗಿ ಅವರ ಮನೆಗೆ ಹೋಗಿ ಎರಡೇ ವರ್ಷಕ್ಕೆ ಕಡ್ಡಿಯಾಗಿದ್ದಳು. ಹೊಟ್ಟೆಗೆ ಹಾಕಿಲ್ಲ, ಹಸಿ ಬಾಣಂತಿಯನ್ನು ಹೊಗೆಯ ಒಲೆಯ ಮುಂದೆ ಕೂರಿಸಿದ್ದಾರೆ, ಇನ್ನೇನು? ಕರ್ಮ ಮುಗಿದ ಮರುದಿನವೇ ಅವಳು ಕೋಸಗಿಗೆ ಹೋಗಿ, ಶೇಷಮ್ಮನ ಮನೆ ಮುಂದೆ ನಿಂತು, ಹಿಡಿ ಮಣ್ಣು ತೂರಿ, "ನನ್ನ ಮಗಳನ್ನ ತಿಂದ್ರಲ್ಲೋ, ನಿಮ್ಮ ಮನಿ ಹಾಳಾಗ," ಎಂದು ಓಣಿಯೆಲ್ಲ ಕೇಳುವ ಹಾಗೆ ಶಪಿಸಿ ಬಂದಳು. ಅಲ್ಲಿಂದ ಮೂರು ವರ್ಷ ಆ ಮನೆಯ ಮುಖ ನೋಡಲಿಲ್ಲ. ಹೆಂಡತಿಯನ್ನು ಕೊಂದವನು ಎಂಬ ಮಾತು ಚಂದ್ರನ ಬೆನ್ನಿಗೆ ಅಂಟಿಕೊಂಡಿತು, ಮತ್ತೆ ಯಾರೂ ಅವನಿಗೆ ಹೆಣ್ಣು ಕೊಡಲಿಲ್ಲ. ಅದು ಕಿವಿಗೆ ಬಿದ್ದಾಗಲೆಲ್ಲ ಬಸವಕ್ಕನಿಗೆ ಎದೆಯ ಕಿಚ್ಚು ತುಸು ಆರಿದಂತಾಗುತ್ತಿತ್ತು. ಮಗಳಿಲ್ಲದ ಮನೆಯಲ್ಲಿ ಅವಳನ್ನು ನಿಲ್ಲಿಸಿದ್ದು ಆ ಸಿಟ್ಟೇ.

ಮೊನ್ನೆ ಸುಗ್ಗಿಯ ದಿನಗಳಲ್ಲಿ ಆಶಾ ಕಾರ್ಯಕರ್ತೆ ಮಲ್ಲೇಶ್ವರಿ ಒಬ್ಬ ಹುಡುಗಿಯನ್ನು ಮನೆಗೆ ಕರೆತಂದಳು. ಹೆಸರು ಹರ್ಷಿತಾ, ಆದೋನಿಯವಳು, ಹೈದರಾಬಾದಿನ ಒಂದು ಸಂಸ್ಥೆಯಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ರಾಣಿಯ ವಯಸ್ಸೇ ಇರಬೇಕು. ಬಸವಕ್ಕ ಚಾಪೆ ಹಾಸಿದಳು.

ವಿಷಯ ಇಷ್ಟು. ರಾಣಿ ಸಾಯುವ ಮೊದಲು ಕರ್ನೂಲಿನ ಆಸ್ಪತ್ರೆಯಲ್ಲಿ ಅವಳ ಶ್ವಾಸಕೋಶದಿಂದ ಕಡಲೆಕಾಳಿನಷ್ಟು ತುಣುಕು ತೆಗೆದಿದ್ದರು. ಅದು ಮೇಣದಲ್ಲಿ ಹುದುಗಿ ಅಲ್ಲೇ ಕಪಾಟಿನಲ್ಲಿ ಉಳಿದಿತ್ತು. ಹರ್ಷಿತಾ ಆಸ್ಪತ್ರೆಯವರ ಅಪ್ಪಣೆ ಪಡೆದು ಹದಿನಾಲ್ಕು ಜನ ಕಲ್ಲುಮಿಲ್ಲಿನ ಕೂಲಿಗಳ ಶ್ವಾಸಕೋಶದ ತುಣುಕುಗಳನ್ನು ಪರೀಕ್ಷಿಸುತ್ತಿದ್ದಳು. ಹೋಲಿಸಿ ನೋಡಲು ಕಲ್ಲಿನ ಗಾಳಿಯೇ ಸೋಕದ ನಾಲ್ಕೈದು ಜನರ ತುಣುಕುಗಳೂ ಬೇಕಿದ್ದವು. ಆಸ್ಪತ್ರೆಯ ಕಾಗದದಲ್ಲಿ ರಾಣಿಯ ಉದ್ಯೋಗ ಮನೆಗೆಲಸ ಎಂದಿತ್ತು. ಹಾಗಾಗಿ ಅವಳು ಈ ಎರಡನೆಯ ಗುಂಪಿಗೆ ಸೇರಿದ್ದಳು.

"ಅಮ್ಮಾ, ನಿಮ್ಮ ಮಗಳು ಯಾವ ಮಿಲ್ಲಿನಾಗ ಕೆಲಸ ಮಾಡ್ತಿದ್ರು?" ಎಂದಳು ಹರ್ಷಿತಾ.

"ಮಿಲ್ಲಿನ ಹೊಸ್ತಿಲು ತುಳಿಯಾಕ ಬಿಟ್ಟಿಲ್ಲ ನಾನು. ಬೇಕಾದ್ರ ಮಲ್ಲೇಶ್ವರಿನ ಕೇಳು."

"ಹಂಗಂತನೇ ನಾವೂ ತಿಳ್ಕೊಂಡಿದ್ವಿ. ಆದ್ರ ಮಿಲ್ಲಿನವರ ಎದಿಯಾಗ ಇರೋದಕ್ಕಿಂತ ಇವರ ಎದಿಯಾಗ ಬೆಣಚು ಜಾಸ್ತಿ ಐತಮ್ಮಾ. ಅದು ಎಲ್ಲಿಂದ ಬಂತು ಅಂತ ಕೇಳಾಕ ಬಂದೀನಿ."

ಬಸವಕ್ಕನಿಗೆ ಸಿಟ್ಟೇ ಬಂತು. ಸತ್ತ ಮಗಳ ಎದೆಯಲ್ಲಿ ಕಲ್ಲಿದೆ ಎಂದು ಮನೆಗೆ ಬಂದು ಹೇಳುವ ಹುಡುಗಿ! "ಕಣ್ಣಿಗೆ ಕಾಣ್ತೈತೇನು ಅದು? ಯಾರಿಗೂ ಕಾಣದ್ದು ನಿನಗೆಂಗ ಕಾಣ್ತು?"

ಹರ್ಷಿತಾ ಬೇಸರ ಮಾಡಿಕೊಳ್ಳಲಿಲ್ಲ. ಕೂದಲೊಂದನ್ನು ಉದ್ದಕ್ಕೆ ನಾಲ್ಕು ಸಾವಿರ ಸೀಳು ಮಾಡಿದರೆ ಬರುವ ಒಂದು ಸೀಳಿನಷ್ಟು ಚೂಪಾದ ಸೂಜಿ ತಮ್ಮ ಮಿಷನ್ನಿನಲ್ಲಿದೆ ಎಂದಳು. ಅದು ತುಣುಕಿನ ಮೇಲೆ ಕಂಡೂ ಕಾಣದಂತೆ ತಡವುತ್ತ ಹೋಗುತ್ತದೆ. ಮೇಲಿನಿಂದ ಅವಕೆಂಪು ಬೆಳಕು ಬಿಡುತ್ತಾರೆ. ತಗಡಿನ ಮಾಡಿನ ಕೆಳಗೆ ಕೂತಾಗ ಬಿಸಿಲು ಕಾಣದಿದ್ದರೂ ನೆತ್ತಿ ಕಾಯುತ್ತದಲ್ಲ, ಆ ಜಾತಿಯ ಬೆಳಕು. ಅದರಲ್ಲೂ ನಾನಾ ಬಗೆಯುಂಟು. ಬೆಣಚುಕಲ್ಲು ಒಂದು ಬಗೆಯದನ್ನು ಹೀರಿದರೆ ಸುಣ್ಣದ ಕಲ್ಲು ಬೇರೊಂದನ್ನು, ಹತ್ತಿಯ ಎಳೆ ಮತ್ತೊಂದನ್ನು ಹೀರುತ್ತದೆ. ಹೀರಿದ ಚೂರು ಬಿಸಿಯಾಗಿ ಒಂದಿಷ್ಟು ಉಬ್ಬುತ್ತದೆ. ಆ ಉಬ್ಬು ಸೂಜಿಗೆ ತಿಳಿಯುತ್ತದೆ. ಯಾವ ಬೆಳಕಿಗೆ ಉಬ್ಬಿತು ಎಂದು ನೋಡಿದರೆ ಚೂರು ಯಾವುದೆಂದು ಗೊತ್ತಾಗುತ್ತದೆ.

"ನಮ್ಮ ಮನಿಯವ ಕತ್ತಲಾಗ ಕೂಗು ಕೇಳಿ ಯಾವ ಕುರಿ ಅಂತ ಹೇಳ್ತಾನಲ್ಲ, ಹಂಗ?" ಎಂದಳು ಬಸವಕ್ಕ.

"ಅವುನಮ್ಮಾ, ಹಂಗನ." ಹರ್ಷಿತಾ ಮೊದಲ ಸಲ ನಕ್ಕಳು. ಆಮೇಲೆ ಒಂದೊಂದಾಗಿ ಕೇಳಿದಳು. ಹತ್ತಿರ ಕಲ್ಲಿನ ಕ್ವಾರಿ ಇತ್ತೇ? ಬಾವಿ ತೋಡುವ ಕೆಲಸಕ್ಕೆ ಹೋಗಿದ್ದರೇ? ಬಸವಕ್ಕ ಎಲ್ಲಕ್ಕೂ ಇಲ್ಲ ಎಂದು ತಲೆಯಾಡಿಸುತ್ತ ಬಂದಳು. "ಮನಿಯಾಗ ಏನು ಮಾಡ್ತಿದ್ರು?" ಎಂದು ಹುಡುಗಿ ಕೇಳಿದಾಗ ತಲೆಯಾಡುವುದು ನಿಂತಿತು.

ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಹುಡುಗಿ ಗೊತ್ತಿಲ್ಲ ಎಂದು ಬರೆದುಕೊಂಡು ಎದ್ದು ಹೋಗುತ್ತಿದ್ದಳು, ಕೋಸಗಿಯವರು ಕೊಂದವರಾಗಿಯೇ ಉಳಿಯುತ್ತಿದ್ದರು. ಆ ಆಸೆ ಅವಳಿಗೆ ಬರಲಿಲ್ಲ ಎಂದರೆ ಸುಳ್ಳಾದೀತು. ಬಂತು. ಹರ್ಷಿತಾ ಪುಸ್ತಕ ಮಡಚಿ, ಚಪ್ಪಲಿಗೆ ಕಾಲು ತೂರಿಸಿದಳು. ಆಗ ಬಸವಕ್ಕ ಎದ್ದು ಹಿಂದಿನ ಕೋಣೆಗೆ ಹೋದಳು. ಮಗಳು ಸತ್ತ ಮೇಲೆ ಸೋಸುವುದನ್ನು ಬಿಟ್ಟಿದ್ದಳು, ಡಬ್ಬಿಯ ತಳದಲ್ಲಿ ಎರಡು ಹಿಡಿ ಉಳಿದಿತ್ತು. ಅದನ್ನು ಕಾಗದದಲ್ಲಿ ಕಟ್ಟಿ ತಂದು ಹುಡುಗಿಯ ಕೈಗಿಟ್ಟಳು.

"ಇದನ್ನೂ ನಿನ್ನ ಸೂಜಿ ಕೆಳಗ ಇಟ್ಟು ನೋಡು. ಮನಿಯಾಗ ಆಕಿ ಇದನ್ನ ಸೋಸ್ತಿದ್ಲು."

ಮಲ್ಲೇಶ್ವರಿ "ಅಯ್ಯೋ, ರಂಗೋಲಿ ಪುಡಿ ಅದು," ಎಂದಳು. ಹರ್ಷಿತಾ ಪೊಟ್ಟಣವನ್ನು ಎರಡು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಬಿಗಿಯಾಗಿ ಗಂಟು ಹಾಕಿದಳು. ಆ ಗಂಟು ಹಾಕಿದ ರೀತಿ ನೋಡಿ ಬಸವಕ್ಕ ತನ್ನ ಅಂಗೈಗಳನ್ನು ಸೆರಗಿಗೆ ಉಜ್ಜಿಕೊಂಡಳು.

ಇಪ್ಪತ್ತಮೂರು ದಿನ ಅವಳು ಕಾದಳು. ಊರ ದೇವರಿಗೆಲ್ಲ ಹರಕೆ ಹೊತ್ತಳು: ಬೇರೆ ಕಲ್ಲಾಗಿರಲಿ, ಯಾವುದಾದರೂ ಆಗಿರಲಿ, ನನ್ನ ಪುಡಿ ಆಗದಿರಲಿ. ಯರ್ರೆಪ್ಪ ಹಿಂಡಿನೊಡನೆ ದೂರದಲ್ಲಿದ್ದ. ಇದ್ದರೂ ಇದನ್ನು ಅವನಿಗೆ ಯಾವ ಬಾಯಲ್ಲಿ ಹೇಳುವುದು? ತಾನೂ ಅದೇ ಧೂಳಿನಲ್ಲಿ ಹದಿಮೂರು ವರ್ಷ ಗುಡಿಸಿದ್ದೇನಲ್ಲ, ತನಗೇಕೆ ಏನೂ ಆಗಿಲ್ಲ ಎಂದು ಲೆಕ್ಕ ಹಾಕಿ ಸಮಾಧಾನ ಪಡುತ್ತಿದ್ದಳು. ಆಮೇಲೆ ಒದ್ದೆ ಟವೆಲ್ಲು ನೆನಪಾಗುತ್ತಿತ್ತು. ಬಯಲಿನ ಗಾಳಿ ನೆನಪಾಗುತ್ತಿತ್ತು. ಮುಚ್ಚಿದ ಬಾಗಿಲ ಸಂದಿಗೆ ತಾನೇ ತುರುಕಿದ ಗೋಣಿತಟ್ಟು ನೆನಪಾಗುತ್ತಿತ್ತು. ಆಗ ಎದೆ ಹೊಡೆದುಕೊಂಡು ಅಳಬೇಕೆನಿಸಿದರೂ ಅಳು ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಫೋನು ಬಂತು.

"ಅಮ್ಮಾ, ಊಟ ಆಯ್ತಾ?"

"ಊಟ ಹಾಳಾಗಲಿ. ಹೇಳವ್ವ."

ಹುಡುಗಿ ತಡವರಿಸಿದಳು. "ನೋಡ್ರಮ್ಮಾ, ಇದರಾಗ ನಿಮ್ದು..."

"ಸುಳ್ಳು ಹೇಳಬ್ಯಾಡ. ಅದೇ ಏನು?"

"ಅದೇ ಅಮ್ಮಾ. ಬೆಣಚೂ ಅದೇ. ಅದಕ್ಕ ಹತ್ತಿಕೊಂಡಿರೋ ಕಾಗೆಬಂಗಾರದ ಚೂರೂ ಅದೇ." ಆಮೇಲೆ ಹರ್ಷಿತಾ ಏನೇನೋ ಹೇಳಿದಳು. ಮಿಲ್ಲಿನವರ ಎದೆಯಲ್ಲಿ ದಪ್ಪ ಕಣಗಳೂ ಇವೆ, ಸಣ್ಣವೂ ಇವೆ. ರಾಣಿಯಲ್ಲಿ ಇರುವುದೆಲ್ಲ ಮುಚ್ಚಿದ ಕೋಣೆಯಲ್ಲಿ ತಾಸುಗಟ್ಟಲೆ ತೇಲುವಂಥ ತೀರಾ ಸಣ್ಣವು. ಸಾದಾ ಸೂಕ್ಷ್ಮದರ್ಶಕಕ್ಕೆ ಅವು ಸಿಕ್ಕಿಲ್ಲ, ಅದಕ್ಕೇ ಯಾರಿಗೂ ತಿಳಿಯಲಿಲ್ಲ. ಟಿಬಿಯ ಗುರುತು ಎಲ್ಲೂ ಇಲ್ಲ. ಇದು ಒಬ್ಬರಿಂದ ಒಬ್ಬರಿಗೆ ಬರುವುದಲ್ಲ, ಧೂಳು ಉಸಿರಾಡಿದವರಿಗೆ ಮಾತ್ರ ಬರುವುದು. ನಿಮ್ಮ ತಪ್ಪಲ್ಲ, ಯಾರೂ ನಿಮಗೆ ಹೇಳಿರಲಿಲ್ಲ. ಆ ಕೊನೆಯ ಮಾತನ್ನು ಹುಡುಗಿ ಮೂರು ಸಲ ಹೇಳಿದಳು. ಬಸವಕ್ಕ ಹೂಂ ಎಂದು ಫೋನು ಇಟ್ಟಳು. ಯಾರೂ ಹೇಳಿರಲಿಲ್ಲ ಎಂಬುದು ನಿಜ. ಮಿಲ್ಲಿನವರಿಗೆ ಗೊತ್ತಿದ್ದರೂ ಹೇಳುವ ಪೈಕಿ ಅವರಲ್ಲ. ಆದರೆ ಮಗಳನ್ನು ಕಳೆದುಕೊಂಡ ತಾಯಿಗೆ ಅಂಥ ಮಾತು ಯಾವ ಮೂಲೆಗೆ ಸಾಕಾಗುತ್ತದೆ?

ಮರುದಿನ ಅವಳು ಆಟೊ ಹಿಡಿದು ಆದೋನಿಗೆ, ಅಲ್ಲಿಂದ ರೈಲಿನಲ್ಲಿ ಕೋಸಗಿಗೆ ಹೋದಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದಳು.

ಶೇಷಮ್ಮ ಅಂಗಳದಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ತಲೆ ಎತ್ತಿ ನೋಡಿ, "ಯಾಕ ಬಂದಿ? ಮಣ್ಣು ತೂರೋದು ಇನ್ನಾ ಉಳಿದೈತೇನು? ತೂರು. ನನ್ನ ಮಗನ ಬಾಳಂತೂ ಮಣ್ಣು ಮಾಡಿದಿ. ಗುಂಟೂರಿನಾಗ ಮೆಣಸಿನಕಾಯಿ ಬಿಡಿಸ್ಕೊಂತ ಬಿದ್ದಾನ, ಊರಿಗೆ ಬರಾಕ ಮುಖ ಇಲ್ಲ ಅವಗ," ಎಂದಳು.

"ಶೇಷಮ್ಮಾ, ನೀವು ಕೊಂದಿಲ್ಲ," ಎಂದಳು ಬಸವಕ್ಕ. "ನಾನು ಕೊಂದೀನಿ."

ಪಕ್ಕದ ಮನೆಯ ಹೆಂಗಸು ಗೋಡೆಯ ಮೇಲಿಂದ ಇಣುಕಿದಳು. ಬಸವಕ್ಕ ಅವಳಿಗೂ ಕೇಳಲಿ ಎಂದೇ ದನಿ ಏರಿಸಿ ಮತ್ತೆ ಹೇಳಿದಳು. ಮಿಲ್ಲು, ಪುಡಿ, ಬಾಗಿಲು ಮುಚ್ಚಿದ ಕೋಣೆ, ಹೈದರಾಬಾದಿನ ಸೂಜಿ, ಕಾಣದ ಬೆಳಕು, ಒಂದನ್ನೂ ಬಿಡಲಿಲ್ಲ. ಶೇಷಮ್ಮ ಬೈದಳು. ಮೂರು ವರ್ಷ ಒಳಗೇ ಇಟ್ಟುಕೊಂಡಿದ್ದ ಬೈಗುಳವನ್ನೆಲ್ಲ ಬೈದಳು, ಕನ್ನಡದಲ್ಲಿ ಸಾಲದಾದಾಗ ತೆಲುಗಿನಲ್ಲಿ ಬೈದಳು. ಬಸವಕ್ಕ ನಿಂತೇ ಕೇಳಿಸಿಕೊಂಡಳು. ಅದು ನ್ಯಾಯವೇ ಅನ್ನಿಸಿತು, ಒಂದು ಬಗೆಯಲ್ಲಿ ಹಿತವೂ ಅನ್ನಿಸಿತು.

"ಟಿಬಿ ಅಲ್ಲಂತ," ಎಂದಳು ಕೊನೆಗೆ, ಹುಡುಗಿ ಹೇಳಿದ್ದನ್ನು ಒಪ್ಪಿಸುವವಳ ಹಾಗೆ. "ಟಿಬಿ ಗುರುತು ಎಲ್ಲೂ ಇರಲಿಲ್ಲಂತ. ಬರೇ ಕಲ್ಲಂತ."

ಶೇಷಮ್ಮನ ಕೈ ಹುಣಸೆಹಣ್ಣಿನ ಮೇಲೆ ನಿಂತಿತು. "ಟಿಬಿ ಅಲ್ಲ ಅಂದ್ರ? ಒಬ್ಬರಿಂದ ಒಬ್ಬರಿಗೆ ಹತ್ತಂಗಿಲ್ಲೇನು?"

"ಹತ್ತಂಗಿಲ್ಲಂತ."

ಶೇಷಮ್ಮ ಕುಟ್ಟುವ ಕಲ್ಲನ್ನು ಪಕ್ಕಕ್ಕಿಟ್ಟಳು. ಮತ್ತೆ ಮಾತಾಡಿದಾಗ ಅವಳ ದನಿಯಲ್ಲಿ ಬೈಗುಳ ಇರಲಿಲ್ಲ. "ಆಕಿಗೆ ಇನ್ನಾ ಹಾಲು ಇತ್ತು. ಕೂಸು ಅಳೋದು ಕೇಳಿದ್ರ ಕುಪ್ಪಸ ತೊಯ್ತಿತ್ತು. ನಾನ ಎದಿಗೆ ಬಟ್ಟಿ ಬಿಗಿದು ಕಟ್ಟಿದೆ. ಕೂಸಿನ ಅಳು ಕೇಳಬಾರದಂತ ನಮ್ಮಣ್ಣನ ಮನಿಗೆ ಒಯ್ದು ಮಲಗಿಸಿ ಬರ್ತಿದ್ದೆ. ಡಾಕ್ಟರು ದೂರ ಇಡ್ರಿ ಅಂದಿದ್ರು. ಕೂಸಿಗೆ ಏನರ ಆದ್ರ ಅಂತ ಅಂಜಿದೆ."

ಬಸವಕ್ಕ ಅಂಗಳದ ನೆಲದಲ್ಲಿ ಅವಳ ಎದುರಿಗೆ ಕೂತಳು. ಬೇಡವೆಂದರೂ ಹೊಳಗುಂದದ ಆ ನಾಲ್ಕು ತಿಂಗಳು ಕಣ್ಣ ಮುಂದೆ ಬಂದವು. ಚಂದ್ರ ಎರಡು ಸಲ ಕೂಸನ್ನು ಎತ್ತಿಕೊಂಡು ಬಂದಿದ್ದ. ಎರಡು ಸಲವೂ ಅವಳೇ ಓಡಿಹೋಗಿ ಬೀದಿಯ ಬೇವಿನಮರದ ಹತ್ತಿರ ಅವನನ್ನು ತಡೆದಿದ್ದಳು, ಅಲ್ಲಿಂದಲೇ ಕೂಸನ್ನು ಮೇಲೆತ್ತಿ ತೋರಿಸಿದ್ದಳು. ಅಂಗಳದಲ್ಲಿ ಹೊರಸಿನ ಮೇಲೆ ಮಲಗಿದ್ದ ರಾಣಿ ಎರಡೂ ಕೈ ಚಾಚಿ, "ಯವ್ವಾ, ಒಂದ್ಸಲ ಮುಟ್ಟಿ ಕೊಟ್ಟುಬಿಡ್ತೀನಿ," ಎಂದಿದ್ದಳು. ನಿನ್ನ ಮಗಳು ಬದುಕಬೇಕೋ ಬೇಡವೋ ಎಂದು ಬಸವಕ್ಕ ಗದರಿದ್ದಳು. ಗದರಿದ ಮೇಲೆ ರಾಣಿ ಕೈ ಕೆಳಗಿಳಿಸಿ, ತಾಯಿ ಹೇಳಿದ್ದು ಸರಿ ಎಂಬಂತೆ ತಲೆಯಾಡಿಸಿದ್ದಳು.

"ಬೀಗತೀ," ಎಂದಳು ಶೇಷಮ್ಮ. ಮೂರು ವರ್ಷದಲ್ಲಿ ಅವಳು ಹಾಗೆ ಕರೆದದ್ದು ಇದೇ ಮೊದಲು. "ಹಂಗಾದ್ರ ಕೂಸನ್ನ ಆಕಿ ಉಡಿಯಾಗ ಹಾಕಬಹುದಿತ್ತು."

"ಹಾಕಬಹುದಿತ್ತು," ಎಂದಳು ಬಸವಕ್ಕ. "ಹತ್ತು ತಿಂಗಳೂ ಹಾಕಬಹುದಿತ್ತು."